ಭಾವ ತುಂಬಿಸಿದ ಫುಲ್ ಟ್ಯಾಂಕು

ನಮ್ಮಪ್ಪನ ಸ್ಕೂಟರಿನ ಟ್ಯಾಂಕು ಬಾಯಿಮಟ್ಟ ತುಂಬಿದ್ದು ಒಂದೇ ಸಲ. ತುಂಬಿಸಿದವರು ನಮ್ಮ ಭಾವ. ಮಾರನೆಯ ದಿನ ಬೆಳಿಗ್ಗೆಯೇ ಅಪ್ಪನ ಎಡಗೈ ಮುರಿಯಿತು.

ಕೈ ಮುರಿದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಅಪ್ಪ ಪೆಟ್ರೋಲ್ ಹಾಕಿಸುತ್ತಿದ್ದ ಸಂಭ್ರಮ ಹೇಳಬೇಕು, ಇಲ್ಲದಿದ್ದರೆ ಮಿಕ್ಕಿದ್ದು ಅರ್ಥವಾಗುವುದಿಲ್ಲ.

ಅಪ್ಪ ದೊಡ್ಡಬಳ್ಳಾಪುರ ತಾಲೂಕಿನ ತೂಬಗೆರೆ ಕಡೆ ಪಶು ಆಸ್ಪತ್ರೆಯಲ್ಲಿ ಸ್ಟಾಕ್‌ಮನ್ ಆಗಿದ್ದರು. ಡಾಕ್ಟರು ಬೇರೆ ಇದ್ದರು, ಆದರೆ ಊರೂರು ತಿರುಗುತ್ತಿದ್ದವರು ಅಪ್ಪನೇ. ಹಾಗಾಗಿ ಸುತ್ತಮುತ್ತಲಿನವರಿಗೆಲ್ಲ ಇವರೇ ‘ದನದ ಡಾಕ್ಟ್ರು’. ಎಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ಮನೆಮನೆಗೂ ಸೀಮೆ ಹಸು ಬಂದಿತ್ತು, ಡೈರಿಗೆ ಹಾಲು ಹಾಕುವುದು ಶುರುವಾಗಿತ್ತು. ಹಸು ಬೆದೆಗೆ ಬಂತೆಂದರೆ ಸಾಕು, ಬೆಳಕು ಹರಿಯುವ ಮೊದಲೇ ಯಾರಾದರೊಬ್ಬರು ನಮ್ಮ ಜಗಲಿ ಮೇಲೆ ಬಂದು ಕೂತಿರುತ್ತಿದ್ದರು. ಅಪ್ಪ ಕಾಫಿ ಲೋಟ ಕೆಳಗಿಟ್ಟು ಪೆಟ್ಟಿಗೆ ಎತ್ತಿಕೊಂಡು ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ, ನೆಟ್ಟಗೆ ಮಾಡಿ, ಒಂದು ಒದೆ ಒದ್ದು ಹೊರಟುಬಿಡುತ್ತಿದ್ದರು.

ಆ ಸ್ಕೂಟರಿಗೆ ಅಪ್ಪ ಪೆಟ್ರೋಲು ಕುಡಿಸುತ್ತಿದ್ದುದು ಕೂಸಿಗೆ ಒಳಲೆಯಲ್ಲಿ ಹಾಲು ಕುಡಿಸುವ ಹಾಗೆ. ಎರಡು ಲೀಟರು ಹಾಕಿಸಿದರೆ ಅವತ್ತು ಧಾರಾಳ. ಬಂಕಿನಲ್ಲಿ ಇಳಿದು, ಸೀಟು ಎತ್ತಿ, ಮುಚ್ಚಳ ತಿರುಗಿಸಿ, ಮೀಟರಿನಲ್ಲಿ ಸೊನ್ನೆ ಬಂದಿದೆಯಾ ಅಂತ ಕಣ್ಣು ಕಿರಿದು ಮಾಡಿ ನೋಡಿ, ಆಮೇಲೆ, “ಹಾಕಪ್ಪಾ, ಆಯಿಲ್ ಮರೀಬೇಡ” ಅನ್ನುವರು. ಆಗಿನ ಸ್ಕೂಟರುಗಳಿಗೆ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಬೇಕಿತ್ತು. ಬಂಕಿನವನು ಸಣ್ಣ ಅಳತೆ ಲೋಟದಲ್ಲಿ ಆಯಿಲ್ ಬಗ್ಗಿಸಿದ ಮೇಲೆ ಅಪ್ಪ ಸ್ಕೂಟರಿನ ಎರಡು ಕಿವಿ ಹಿಡಿದು ಗುಳುಗುಳು ಅಂತ ಅಲುಗಿಸುವರು. ಇಳಿಜಾರು ಬಂದರೆ ಇಂಜಿನ್ ಆರಿಸಿ ಸುಮ್ಮನೆ ಜಾರಿಕೊಂಡು ಬರುವರು. ಊರು ಇನ್ನೂ ಒಂದು ಕೂಗಳತೆ ದೂರ ಇರುವಾಗಲೇ ಬಗ್ಗಿ ಪೆಟ್ರೋಲ್ ಕಾಕು ಬಂದ್ ಮಾಡಿಬಿಡುವರು. ಕಾರ್ಬೊರೇಟರಿನಲ್ಲಿ ಮಿಕ್ಕಿದ್ದರಲ್ಲೇ ಮನೆ ಮುಟ್ಟಬೇಕು. ಒಂದೊಂದು ದಿನ ಮನೆ ಮುಟ್ಟುತ್ತಿರಲಿಲ್ಲ, ಮಾರಮ್ಮನ ಗುಡಿ ಹತ್ತಿರ ಉಸಿರು ನಿಲ್ಲಿಸಿಬಿಡುತ್ತಿತ್ತು. ಅಲ್ಲಿಂದ ತಳ್ಳಿಕೊಂಡು ಬರುವರು, ಮುಖದಲ್ಲಿ ಒಂಚೂರೂ ನಾಚಿಕೆ ಇಲ್ಲದೆ.

ಇಂಥ ಮನೆಗೆ ಅಳಿಯನಾಗಿ ಬಂದವರು ದುಬೈನಲ್ಲಿ ಡ್ರೈವರಾಗಿದ್ದ ನಮ್ಮ ಭಾವ.

ಭಾವ ಹೊಸಕೋಟೆ ಕಡೆಯವರು. ನಮಗೂ ಅವರಿಗೂ ಹಿಂದಿನ ನೆಂಟಸ್ತಿಕೆ ಏನೂ ಇರಲಿಲ್ಲ. ಅಕ್ಕನ ಮದುವೆಯಿಂದಲೇ ಶುರುವಾದ ಸಂಬಂಧ. ಸೋದರಳಿಯನೇ ಅಳಿಯನಾದ ಮನೆಗಳಲ್ಲಿ “ಬಾರೋ, ಕೂತ್ಕೊಳೋ” ಅಂತ ಸಲುಗೆ ಇರುತ್ತದೆ. ನಮ್ಮಲ್ಲಿ ಹಾಗಿರಲಿಲ್ಲ. ಅಪ್ಪ ಇವರನ್ನು “ಅಳಿಯಂದ್ರೇ, ಬನ್ನಿ” ಅಂತಲೇ ಮಾತಾಡಿಸುತ್ತಿದ್ದುದು. ಅವರು ಕೂತ ಮೇಲೆಯೇ ಕೂರುವರು. ಅಳಿಯನ ಕೈಯಿಂದ ಒಂದು ಕಡ್ಡಿಪೆಟ್ಟಿಗೆ ತಗೊಂಡರೂ ಮಗಳನ್ನು ಮಾರಿಕೊಂಡ ಹಾಗೆ ಅನ್ನುವ ಪೈಕಿ ಅಪ್ಪ. ಮೊದಲ ರಜೆಯಲ್ಲಿ ಭಾವ ತಂದುಕೊಟ್ಟ ವಾಚು ಡಬ್ಬಿಯ ಸಮೇತ ಬೀರುವಿನಲ್ಲಿ ಕೂತಿತ್ತು. ಭಾವ ಅದನ್ನು ಗಮನಿಸಿದ್ದರು, ಬಾಯಿ ಬಿಟ್ಟು ಕೇಳಿರಲಿಲ್ಲ.

ಎರಡನೇ ರಜೆಗೆ ಬಂದಾಗಿನ ಮಾತು ಇದು. ಅಕ್ಕ ಆಗ ಬಾಣಂತನ ಮುಗಿಸಿಕೊಂಡು ನಮ್ಮ ಮನೆಯಲ್ಲೇ ಇದ್ದಳು. ಹಾಗಾಗಿ ಭಾವನೂ ರಜೆಯ ಬಹುಪಾಲು ನಮ್ಮಲ್ಲೇ ಕಳೆದರು. ಸಾಯಂಕಾಲವಾದರೆ ಜಗಲಿ ತುಂಬ ಜನ. ಎಲ್ಲರಿಗೂ ದುಬೈ ಬೇಕು. ಅದರಲ್ಲೂ ಎದುರು ಮನೆ ತಾತನಿಗೆ ಪೆಟ್ರೋಲಿನ ಮೇಲೆ ವಿಪರೀತ ಆಸಕ್ತಿ. ತಾತನ ಹತ್ತಿರ ಇದ್ದುದು ಎರಡು ಎತ್ತು, ಒಂದು ಗಾಡಿ.

“ಅಲ್ಲಿ ಪೆಟ್ರೋಲು ಲೀಟರಿಗೆ ಎಷ್ಟಪ್ಪಾ?”

“ಲೀಟರ್ ಲೆಕ್ಕ ಇಲ್ಲ ತಾತ, ಗ್ಯಾಲನ್ ಲೆಕ್ಕ. ನಾಕೂವರೆ ಲೀಟರಿಗೆ ಒಂದು ಗ್ಯಾಲನ್ನು. ನಮ್ಮ ದುಡ್ಡಿಗೆ ತಿರುಗಿಸಿದ್ರೆ ಇಲ್ಲಿಯ ಅರ್ಧನೂ ಆಗಲ್ಲ. ಕುಡಿಯೋ ನೀರಿನ ಬಾಟ್ಲಿಗೇ ಜಾಸ್ತಿ.”

“ಏನು? ನೀರನ್ನ ಕಾಸು ಕೊಟ್ಟು ಕೊಳ್ತಾರಾ?” ತಾತ ಕಡ್ಡಿ ಹಾಕಿ ಹಲ್ಲು ಕೆದಕುತ್ತಿದ್ದವರು ಕೈ ನಿಲ್ಲಿಸಿದರು. “ಹಂಗಾರೆ ನೀರು ಮಾರೋನೇ ಅಲ್ಲಿ ಸಾಹುಕಾರ ಅನ್ನು. ಪೆಟ್ರೋಲು ಮಾರೋನು ಬಡವ.”

ಜಗಲಿ ಗೊಳ್ಳೆಂದಿತು. ಭಾವನೂ ನಕ್ಕರು. “ಅಲ್ಲಿ ಬಂಕಿಗೆ ಹೋದ್ರೆ ಕಾರಿಂದ ಇಳಿಯೋ ಹಂಗೇ ಇಲ್ಲ ತಾತ. ಹಾರನ್ ಒತ್ತಿದ್ರೆ ಹುಡುಗ ಓಡಿಬರ್ತಾನೆ. ‘ಫುಲ್’ ಅಂದ್ರೆ ಆಯ್ತು. ಒಂದು ಲೀಟರು, ಎರಡು ಲೀಟರು ಅಂತ ಕೇಳೋರೇ ಇಲ್ಲ. ಒಂದಷ್ಟು ಚೆಲ್ಲಿಹೋದ್ರೂ ಯಾರೂ ತಿರುಗಿ ನೋಡಲ್ಲ.”

“ಚೆಲ್ಲಿಹೋದ್ರೂನಾ?” ಅಂದರು ಅಪ್ಪ. ಅವರು ಸಾಮಾನ್ಯವಾಗಿ ಈ ಮಾತುಕತೆಯಲ್ಲಿ ಬಾಯಿ ಹಾಕುತ್ತಿರಲಿಲ್ಲ. ಅವತ್ತು ಚೆಲ್ಲಿದ ಪೆಟ್ರೋಲು ಅವರ ಎದೆಗೇ ತಗುಲಿತ್ತು.

ಆಗ ನಾನು ದೊಡ್ಡಬಳ್ಳಾಪುರದಲ್ಲಿ ಪಿಯುಸಿ ಓದುತ್ತಿದ್ದೆ. ಒಂದು ಶನಿವಾರ ಅಪ್ಪನಿಗೆ ಊರಲ್ಲೇ ಕೆಲಸ ಇತ್ತು. ಅಕ್ಕನ ರವಿಕೆಗಳು ದೊಡ್ಡಬಳ್ಳಾಪುರದ ಟೈಲರ್ ಹತ್ತಿರ ಇದ್ದವು, ಕೂಸಿನ ಗ್ರೈಪ್ ವಾಟರ್ ಮುಗಿದಿತ್ತು. ಭಾವ, “ಮಾವ, ಸ್ಕೂಟರ್ ಕೊಡಿ, ನಾನೂ ಪುಟ್ಟಿನೂ ಹೋಗ್ಬರ್ತೀವಿ” ಅಂದರು. ಪುಟ್ಟಿ ಅಂದರೆ ನಾನು. ಅಪ್ಪ ತುಸು ಅನುಮಾನಿಸಿದರು. ಅಳಿಯನಿಗೆ ಇಲ್ಲ ಅನ್ನುವುದು ಹೇಗೆ? ಕೀ ಕೊಟ್ಟರು. ಭಾವ ಲಾರಿ, ಟ್ರಾಕ್ಟರು, ಕಾರು ಎಲ್ಲ ಓಡಿಸಿದವರು. ಸ್ಕೂಟರು ಮಾತ್ರ ಅವರ ಕೈಗೆ ಅಷ್ಟಾಗಿ ಸಿಕ್ಕಿರಲಿಲ್ಲ. ಬ್ಯಾಲೆನ್ಸು, ಗೇರು ತಿಳಿದಿತ್ತು. ಅಷ್ಟು ಸಾಕಲ್ಲ ಅಂತ ಎಲ್ಲರೂ ಅಂದುಕೊಂಡೆವು.

ದಾರಿಯಲ್ಲಿ ರಾಜಘಟ್ಟ ದಾಟುತ್ತಿದ್ದ ಹಾಗೆ ಭಾವ ಹಿಂದಕ್ಕೆ ಕತ್ತು ವಾಲಿಸಿ ಕೇಳಿದರು: “ಪುಟ್ಟೀ, ನಿಮ್ಮಪ್ಪಂಗೆ ಏನು ಕೊಟ್ರೆ ತಗೋತಾರೆ? ಆ ವಾಚು ಮೈಗೇ ಮುಟ್ಟಿಸ್ಲಿಲ್ಲ.”

“ಏನೂ ತಗೊಳ್ಳಲ್ಲ ಭಾವ. ಅವರಿಗೆ ಗೊತ್ತಾಗದ ಹಾಗೆ ಏನಾದ್ರೂ ಕೊಡಬೇಕು.”

“ಗೊತ್ತಾಗದ ಹಾಗೆ ಏನು ಕೊಡೋದು?”

“ಸ್ಕೂಟರ್ ಹೊಟ್ಟೆ ತುಂಬಿಸಿಬಿಡಿ. ಹುಟ್ಟಿದಾಗಿಂದ ಅದು ಹೊಟ್ಟೆ ತುಂಬ ಉಂಡಿಲ್ಲ.”

ತಮಾಷೆಗೆ ಅಂದಿದ್ದೆ. ಭಾವನಿಗೆ ಅದು ಬಲು ಹಿಡಿಸಿಬಿಟ್ಟಿತು. “ಭೇಷ್!” ಅಂದವರೇ ಜೋರಾಗಿ ಓಡಿಸಿದರು.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಆಗ ಸ್ಕೂಟರಿನಲ್ಲಿ ಹೆಂಗಸರು ಇದ್ದರೆ ಅವರನ್ನು ಬಂಕಿನ ಒಳಕ್ಕೆ ಕರೆದುಕೊಂಡು ಹೋಗುತ್ತಿರಲಿಲ್ಲ. ಗೇಟಿನ ಹತ್ತಿರವೇ ಇಳಿಸಿಬಿಡುವರು. ಸೀಟು ಎತ್ತಬೇಕಲ್ಲ, ಹೇಗೂ ಇಳಿಯಬೇಕು. ಅದೂ ಅಲ್ಲದೆ ಒಳಗೆ ಲಾರಿಯವರು, ಟೆಂಪೋದವರು, ಅವರ ಮಾತು. ಆದ್ದರಿಂದ ಯಾವ ಬಂಕಿನ ಮುಂದೆ ನೋಡಿದರೂ ಮರದ ನೆರಳಲ್ಲಿ ಸೆರಗು ಸರಿಮಾಡಿಕೊಂಡು ನಿಂತ ಹೆಂಗಸರು ಕಾಣುತ್ತಿದ್ದರು. ಅಪ್ಪ ಒಬ್ಬರು ಇದಕ್ಕೆ ಹೊರತು. ನಾನು ಚಿಕ್ಕವಳಾಗಿದ್ದಾಗಿನಿಂದ ಅವರ ಜೊತೆ ಒಳಗೇ ಹೋಗಿ ಮುಚ್ಚಳ ಹಿಡಿದುಕೊಂಡು ನಿಲ್ಲುತ್ತಿದ್ದೆ. ಭಾವ ಮರ್ಯಾದಸ್ಥರು. ನಾದಿನಿಯನ್ನು ಗೇಟಿನಲ್ಲೇ ಇಳಿಸಿ, “ಇಲ್ಲೇ ನೆರಳಲ್ಲಿ ಇರಮ್ಮ, ಬಂದ್ಬಿಟ್ಟೆ” ಅಂತ ಹೋದರು.

ಒಳಗೆ ನಡೆದದ್ದನ್ನು ಭಾವ ಆಮೇಲೆ ಎಷ್ಟು ಸಲ ಹೇಳಿಕೊಂಡರೋ. ನನಗೆ ಬಾಯಿಪಾಠ ಆಗಿಹೋಗಿದೆ. ಅವರು “ಫುಲ್” ಅಂದರು. ಬಂಕಿನವನು ನಂಬದೆ, “ಎಷ್ಟು ಲೀಟರ್ ಸಾರ್?” ಅಂತ ಮತ್ತೆ ಕೇಳಿದ. “ಫುಲ್ ಅಂದ್ನಲ್ಲಪ್ಪಾ, ಬಾಯಿಮಟ್ಟ.” ಅವನು ಹಾಕಿದ. ಹಾಕಿ, “ಆಯಿಲ್?” ಅಂದ. ಕಾರಿನವರಿಗೆ ಆಯಿಲ್ ಅಂದರೆ ಇಂಜಿನ್ನಿನ ಬೇರೆ ಹೊಟ್ಟೆಗೆ ಹಾಕುವಂಥದ್ದು, ತಿಂಗಳಿಗೋ ಎರಡು ತಿಂಗಳಿಗೋ ಬದಲಾಯಿಸುವಂಥದ್ದು. ಮಾವ ಸ್ಕೂಟರನ್ನು ಮೊನ್ನೆ ತಾನೇ ಸರ್ವಿಸ್ ಮಾಡಿಸಿದ್ದು ಭಾವನಿಗೆ ಗೊತ್ತಿತ್ತು. “ಆಯಿಲ್ ಬೇಡ, ಎಲ್ಲಾ ಆಗಿದೆ” ಅಂದುಬಿಟ್ಟರು. ಆಯಿಲ್ ಮನೆಯಲ್ಲೇ ಇದೆ, ಅಲ್ಲೇ ಬೆರೆಸಿಕೊಳ್ಳುತ್ತಾರೇನೋ ಅಂದುಕೊಂಡು ಅವನು ಸುಮ್ಮನಾದ.

ನಾನು ಆಗ ಹೊಂಗೆ ಮರದ ಕೆಳಗೆ ನಿಂತು ಒಂದು ಒಣಗಿದ ಕಾಯಿಯನ್ನು ಚಪ್ಪಲಿಯಿಂದ ಒತ್ತಿ ಪಟ್ ಅನ್ನಿಸುತ್ತಿದ್ದೆ.

ಮನೆಗೆ ಬರುವವರೆಗೂ ಏನೂ ಆಗಲಿಲ್ಲ. ತಳದಲ್ಲಿದ್ದ ಹಳೆಯ ಬೆರೆಸಿದ ಪೆಟ್ರೋಲಿನ ಪುಣ್ಯ ಇರಬೇಕು. ಕೀ ಕೊಡುವಾಗ ಭಾವನ ಮುಖ ನೋಡಬೇಕಿತ್ತು. ಕಳ್ಳತನದಲ್ಲಿ ಬೆಲ್ಲ ತಿಂದ ಹುಡುಗನ ಹಾಗೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಅಕ್ಕ, “ಏನ್ರೀ ಅದು, ಇಬ್ಬರೂ ಹಿಂಗೆ ಕಿಸೀತಿದ್ದೀರಾ?” ಅಂದಳು. ಹೇಳಲಿಲ್ಲ.

ಬೆಳಿಗ್ಗೆ ಅಪ್ಪ ಹೊರಟರು. ತೂಬಗೆರೆಯ ಆಚೆ ಒಂದು ಊರಲ್ಲಿ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಅವಸರ. ಅವತ್ತು ಇಳಿಜಾರಿನಲ್ಲೂ ಇಂಜಿನ್ ಆರಿಸದೆ ಓಡಿಸಿದರಂತೆ. ನಡುದಾರಿಯಲ್ಲಿ ಇಂಜಿನ್ ಕಚ್ಚಿಕೊಂಡು ಹಿಂದಿನ ಚಕ್ರ ಹಾಗೇ ನಿಂತುಬಿಟ್ಟಿದೆ. ಸ್ಕೂಟರು ಒಂದು ಕಡೆ, ಅಪ್ಪ ಒಂದು ಕಡೆ. ಹೊಲದಲ್ಲಿ ರಾಗಿ ಪೈರು ನಾಟಿ ಮಾಡುತ್ತಿದ್ದವರು ಓಡಿಬಂದು ಎತ್ತಿದರು. ಎಡಗೈ ಮಣಿಕಟ್ಟು ಊದಿಕೊಂಡಿತ್ತು. ಆ ಕೈಯನ್ನು ಟವೆಲಿನಲ್ಲಿ ಕಟ್ಟಿಕೊಂಡು, ಯಾರದೋ ಸೈಕಲ್ ಹತ್ತಿ ಆ ಹಸುವಿನ ಮನೆಗೇ ಹೋದರು. ಅಲ್ಲಿಂದ ಡಾಕ್ಟರಿಗೆ ಹೇಳಿಕಳಿಸಿದರು. ಹಸು ಉಳಿಯಿತು, ಕರು ಉಳಿಯಲಿಲ್ಲ. ಸಕಾಲಕ್ಕೆ ಹೋಗಿದ್ದರೆ ಉಳಿಯುತ್ತಿತ್ತೋ ಇಲ್ಲವೋ ಯಾರು ಬಲ್ಲರು. ಅಪ್ಪ ಮಾತ್ರ ಆ ಬಗ್ಗೆ ಬಾಯಿ ಬಿಡಲಿಲ್ಲ.

ಮಧ್ಯಾಹ್ನ ಕೈಗೆ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದವರು, “ನಾಯಿ ಅಡ್ಡ ಬಂತು” ಅಂದರು. ಅಷ್ಟೇ. ಅಮ್ಮ ಆ ನಾಯಿಯ ವಂಶವನ್ನೆಲ್ಲ ಬೈದಳು. ಭಾವ ಓಡಿಹೋಗಿ ಕುರ್ಚಿ ತಂದರು, ನೀರು ತಂದರು, ದಿಂಬು ತಂದರು.

ದಾರಿಯಲ್ಲಿ ಬಿದ್ದಿದ್ದ ಸ್ಕೂಟರನ್ನು ಗಾಡಿಗೆ ಹೇರಿಸಿಕೊಂಡು ದೊಡ್ಡಬಳ್ಳಾಪುರದ ಮೆಕ್ಯಾನಿಕ್ ಹತ್ತಿರ ಒಯ್ದವರೂ ಭಾವನೇ. ಸಾಯಂಕಾಲ ಬಂದಾಗ ಅವರ ಮುಖದಲ್ಲಿ ರಕ್ತ ಇರಲಿಲ್ಲ. ನನ್ನನ್ನು ಹಿತ್ತಲಿಗೆ ಕರೆದರು.

“ಪುಟ್ಟೀ, ಪೆಟ್ರೋಲಿಗೆ ಆಯಿಲ್ ಬೆರೆಸ್ಬೇಕಂತೆ ಕಣಮ್ಮ. ಇಲ್ದಿದ್ರೆ ಇಂಜಿನ್ ಒಣಗಿ ಕಚ್ಚಿಕೊಳ್ಳುತ್ತಂತೆ.”

“ಹೌದು ಭಾವ. ಬೆರೆಸ್ಲಿಲ್ವಾ?”

ಅವರು ತಲೆ ಅಲ್ಲಾಡಿಸಿದರು. ಆ ಗೇಟು ದಾಟಿ ಒಳಗೆ ಹೋಗಿದ್ದರೆ ನಾನೇ ಹೇಳುತ್ತಿದ್ದೆ. ಅಪ್ಪನ ಜೊತೆ ನೂರು ಸಲ ನೋಡಿದವಳು. ಹೊಟ್ಟೆ ತುಂಬಿಸಿ ಅಂತ ಹೇಳಿಕೊಟ್ಟವಳೂ ನಾನೇ.

“ಇನ್ನೊಂದು ವಿಷಯ,” ಅಂದರು ಭಾವ, ದನಿ ತಗ್ಗಿಸಿ. “ಬಿದ್ದ ಜಾಗದಲ್ಲೇ ಮಾವ ಸೀಟು ಎತ್ತಿ, ಮುಚ್ಚಳ ತೆಗೆದು, ಬೆರಳು ಅದ್ದಿ ನೋಡಿದ್ರಂತೆ. ಎತ್ತಿದೋರು ಹೇಳಿದ್ರು. ‘ಡಾಕ್ಟ್ರು ಬೆರಳು ಉಜ್ಜಿಕೊಂಡು ಸುಮ್ನೆ ಮುಚ್ಚಿಬಿಟ್ರು’ ಅಂತ. ಗೊತ್ತಾಗಿತ್ತು ಪುಟ್ಟೀ ಅವರಿಗೆ. ಗೊತ್ತಿದ್ದೂ ನಾಯಿ ಅಂದ್ರು.”

ಆ ಕ್ಷಣದಿಂದ ಭಾವನಿಗೆ ಮನೆಯಲ್ಲಿ ನಿಂತಲ್ಲಿ ನಿಲ್ಲಲಾಗಲಿಲ್ಲ. ಅವತ್ತೇ ಎಲ್ಲರ ಮುಂದೆ ಹೇಳಿಬಿಟ್ಟರು. “ನಾಯಿ ಅಲ್ಲ ಅತ್ತೆ, ನಾನು.” ಅಪ್ಪ ತಲೆ ಎತ್ತದೆ, “ಬಿಡಿ ಅಳಿಯಂದ್ರೇ, ಹಳೇ ಗಾಡಿ. ಇವತ್ತಲ್ಲ ನಾಳೆ ಕಚ್ಚಿಕೊಳ್ತಿತ್ತು” ಅಂದರು. ಅಮ್ಮ, “ಸ್ಕೂಟರ್ ಕೊಡುವಾಗ ಇವರೇ ಒಂದು ಮಾತು ಹೇಳ್ಬೇಕಿತ್ತು” ಅಂತ ತಪ್ಪನ್ನು ಅಪ್ಪನ ತಲೆಗೆ ಕಟ್ಟಿದಳು. ಅಕ್ಕ, “ಹಾಳು ರವಿಕೆ, ಅದಕ್ಕೇ ಅಲ್ವಾ ಹೋಗಿದ್ದು” ಅಂತ ಅತ್ತಳು. ನಾನು ನನ್ನ ಪಾಲು ಹೇಳಿದೆ. ಎದುರು ಮನೆ ತಾತ ಕೂಡ, “ದಿನಾ ಅದೇ ಪೆಟ್ರೋಲು ಕತೆ ಹೇಳು ಅಂತ ನಾನೇ ಹುರಿದುಂಬಿಸ್ತಿದ್ದೆ” ಅಂದರು. ತಪ್ಪು ಎಷ್ಟು ಜನರ ನಡುವೆ ಹರಿದು ಹಂಚಿ ಹೋಯಿತು ಅಂದರೆ, ಮಾಡಿದವರ ಪಾಲಿಗೇ ಉಳಿಯದ ಹಾಗೆ ಆಗಿಬಿಟ್ಟಿತು. ಭಾವನಿಗೆ ಅದೇ ಹಿಂಸೆ.

ನೋಡಬಂದವರೆಲ್ಲ, “ಸದ್ಯ, ಎಡಗೈ ತಾನೇ” ಅನ್ನುತ್ತಿದ್ದರು. ಅವರಿಗೇನು ಗೊತ್ತು. ಹಸುವಿಗೆ ಗರ್ಭ ಕಟ್ಟಿಸುವ ಕೆಲಸದಲ್ಲಿ ಎಡಗೈ ಒಳಗೆ ಹೋಗಬೇಕು, ಬಲಗೈ ಬರಿ ಕೊಳವೆ ಹಿಡಿಯುವುದಕ್ಕೆ. ಅಪ್ಪನ ಕಣ್ಣು ಇದ್ದುದೇ ಆ ಎಡಗೈ ಬೆರಳುಗಳಲ್ಲಿ. ಒಳಗಿನದನ್ನೆಲ್ಲ ಅವು ನೋಡಿ ಹೇಳುತ್ತಿದ್ದವು. ಪಟ್ಟಿ ಬಿಚ್ಚಿದ ಮೇಲೂ ಆ ಕೈ ಮೊದಲಿನ ಹಾಗೆ ತಿರುಗುತ್ತದೆ ಅಂತ ಆಸ್ಪತ್ರೆಯಲ್ಲಿ ಯಾರೂ ಗಟ್ಟಿಯಾಗಿ ಹೇಳಲಿಲ್ಲ.

ಸ್ಕೂಟರು ಮೆಕ್ಯಾನಿಕ್ ಹತ್ತಿರ ಬಿಚ್ಚಿಕೊಂಡು ಬಿದ್ದಿತ್ತು. ಖರ್ಚು ತಾನು ಕೊಡುತ್ತೇನೆ ಅಂತ ಭಾವ, ಆಗದ ಮಾತು ಅಂತ ಅಪ್ಪ. “ಅಳಿಯನ ಕೈಲಿ ರಿಪೇರಿ ಮಾಡಿಸಿಕೊಂಡ ಸ್ಕೂಟರ್ ಮೇಲೆ ನಾನು ಹೆಂಗೆ ಕೂತ್ಕೊಳ್ಲಿ?” ಅಂದುಬಿಟ್ಟರು. ಜನ ಬರುವುದು ಮಾತ್ರ ನಿಲ್ಲಲಿಲ್ಲ. ದನಕ್ಕೆ ಹೊಟ್ಟೆ ಉಬ್ಬರ, ಕರುವಿಗೆ ಜಂತು, ಎಮ್ಮೆ ಮೇವು ಬಿಟ್ಟಿದೆ. ರಜೆ ಹಾಕಿದ್ದರೂ ಅಪ್ಪ ಒಂದೇ ಕೈಲಿ ಪೆಟ್ಟಿಗೆ ಎತ್ತಿಕೊಂಡು ನಡೆದು ಹೊರಟರು. ಭಾವ ಹಿಂದೆಯೇ ಓಡಿದರು. ಯಾರದೋ ಸೈಕಲ್ ತಂದು ಮುಂದೆ ನಿಲ್ಲಿಸಿ, “ಕ್ಯಾರಿಯರ್ ಮೇಲೆ ಕೂತ್ಕೊಳಿ ಮಾವ” ಅಂದರು.

“ಛೇ, ಛೇ. ನೀವು ತುಳಿಯೋದಾ? ನಡೀರಿ ಒಳಕ್ಕೆ.”

“ಕೂತ್ಕೊಳ್ದಿದ್ರೆ ನಾನು ಸೈಕಲ್ ತಳ್ಳಿಕೊಂಡು ನಿಮ್ಮ ಹಿಂದೆ ಬರ್ತೀನಿ. ಊರೆಲ್ಲ ನೋಡ್ಲಿ.”

ಅಪ್ಪ ಕೂತರು. ಅಮ್ಮ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಳಿಯನ ಕೈಲಿ ಸೈಕಲ್ ತುಳಿಸಿಕೊಂಡ ಮಾವ ನಮ್ಮ ಸೀಮೆಯಲ್ಲೇ ಮೊದಲಿಗರು ಇರಬೇಕು. ಎಸಿ ಕಾರಿನಲ್ಲಿ ಕೂತು ಹಾರನ್ ಒತ್ತುತ್ತಿದ್ದ ಭಾವ ಬೆವರು ಸುರಿಸಿಕೊಂಡು ಏರಿ ಹತ್ತಿಸುತ್ತಿದ್ದರೆ, ಕೆರೆ ಏರಿ ಮೇಲೆ ಕೂತ ಹುಡುಗರು, “ಲೇ, ದುಬೈ ಟ್ಯಾಕ್ಸಿ ಬಂತು ಕಣ್ರೋ! ಎಷ್ಟು ಗ್ಯಾಲನ್ ಹಾಕ್ಸಿದೆ ಗುರು?” ಅಂತ ಕೂಗುತ್ತಿದ್ದರು. ಭಾವ ಕೈ ಎತ್ತಿ, “ಫುಲ್!” ಅನ್ನುವರು. ನಗುತ್ತಿದ್ದರು, ಸರಿ. ಮನೆಗೆ ಬಂದ ಮೇಲೆ ಆ ನಗು ಇರುತ್ತಿರಲಿಲ್ಲ.

ಒಂದು ದಿನ ಅವರು ಅಕ್ಕನ ಹತ್ತಿರ ಹೇಳುತ್ತಿದ್ದುದು ನನಗೂ ಕೇಳಿಸಿತು. ಬೇರೆ ಊರಿನ ಸ್ಟಾಕ್‌ಮನ್ ಒಬ್ಬರು ಬಂದು ಹಸುವಿಗೆ ಒಳಕೈ ಹಾಕುತ್ತಿದ್ದರಂತೆ. ಅಪ್ಪ ಪಕ್ಕದಲ್ಲಿ ನಿಂತಿದ್ದರಂತೆ. “ಪಟ್ಟಿಯೊಳಗೇ ಅವರ ಬೆರಳು ಆಡ್ತಿದ್ವು ಕಣೇ. ಅವರಿಗೇ ಗೊತ್ತಿರ್ಲಿಲ್ಲ. ಅದನ್ನ ನೋಡೋಕಾಗ್ದೆ ನಾನು ಕೊಟ್ಟಿಗೆಯಿಂದ ಈಚೆ ಬಂದೆ.” ಆಮೇಲೆ, “ಒಂದು ಸಲ ಬೈದುಬಿಟ್ಟಿದ್ರೆ ಆಗಿತ್ತು. ನಮ್ಮಪ್ಪ ಆಗಿದ್ರೆ ಚಪ್ಪಲಿ ತಗೊಂಡಿರೋರು. ಇವರು ಇನ್ನೂ ‘ಬನ್ನಿ, ಕೂತ್ಕೊಳಿ, ಊಟ ಮಾಡಿ’ ಅಂತಾರೆ. ಇದೇ ಮುಖ ಹೊತ್ಕೊಂಡು ನಾನು ಹೆಂಗೆ ವಿಮಾನ ಹತ್ತಲಿ?” ಅಂದರು.

ರಜೆ ಮುಗಿಯುತ್ತಾ ಬಂದಿತ್ತು. ಆಗಿನ ಕಾಲದಲ್ಲಿ ಹೋದರೆ ಎರಡು ವರ್ಷ. ಫೋನು ಊರಿಗೆ ಒಂದು, ಅದೂ ಇದ್ದರೆ. ಆ ಎರಡು ವರ್ಷ ಮಾವನ ಮೌನವನ್ನು ಹೊತ್ತುಕೊಂಡು ತಿರುಗಬೇಕಲ್ಲ ಅನ್ನುವುದೇ ಭಾವನ ಚಿಂತೆ. ಅಕ್ಕ ಅಪ್ಪನ ಹತ್ತಿರ ಹೋಗಿ, “ಒಂದು ಮಾತು ಬೈದ್ಬಿಡಪ್ಪಾ ಅವರಿಗೆ” ಅಂತ ಕೇಳಿಕೊಂಡಳು ಕೂಡ. ಅಪ್ಪ ಕಣ್ಣರಳಿಸಿ, “ಮನೇಗೆ ಬಂದ ಅಳಿಯನ್ನ ಬೈಯೋದಾ? ನಿಂಗೆ ತಲೆ ಕೆಟ್ಟೈತಾ?” ಅಂದರು.

ಕತೆ ಬಿಟ್ಟು ಒಂದು ಮಾತು. ಎಷ್ಟೋ ವರ್ಷಗಳಾದ ಮೇಲೆ, ಅಕ್ಕ ಭಾವ ಇಬ್ಬರೂ ದುಬೈನಲ್ಲಿ ಸಂಸಾರ ಹೂಡಿದ್ದಾಗ, ತೊಂಬತ್ತರ ದಶಕದ ಕೊನೆಕೊನೆಗೆ, ನಾನು ಒಂದು ಸಲ ಅಲ್ಲಿಗೆ ಹೋಗಿದ್ದೆ. ಭಾವ ವರ್ಣಿಸುತ್ತಿದ್ದ ಬಂಕನ್ನು ಕಣ್ಣಾರೆ ಕಂಡೆ. ಹಗಲಿನ ಹಾಗೆ ದೀಪಗಳು, ಕನ್ನಡಿಯ ಹಾಗೆ ನೆಲ. ಎಲ್ಲರೂ ಗಾಜು ಇಳಿಸಿ “ಫುಲ್” ಅನ್ನುತ್ತಿದ್ದರು. ಒಬ್ಬರೂ ಇಳಿಯುತ್ತಿರಲಿಲ್ಲ, ಒಬ್ಬರೂ ಮೀಟರು ನೋಡುತ್ತಿರಲಿಲ್ಲ. ನಮ್ಮ ಭಾವ ಒಬ್ಬರೇ ಆ ಸೆಖೆಯಲ್ಲಿ ಬಾಗಿಲು ತೆಗೆದು ಕೆಳಗಿಳಿದು, ಹುಡುಗನ ಪಕ್ಕದಲ್ಲಿ ಹೋಗಿ, ಏನು ಹಾಕುತ್ತಿದ್ದೀಯಾ ಅಂತ ಕೇಳಿಕೊಂಡು ನಿಂತರು. ಆ ಮಲಯಾಳಿ ಹುಡುಗ ಇವರನ್ನು ವಿಚಿತ್ರವಾಗಿ ನೋಡಿದ. ನಾನು ಎಸಿಯಲ್ಲಿ ಕೂತು ತಲೆ ತಗ್ಗಿಸಿದೆ. ಅಷ್ಟು ವರ್ಷದ ಮೇಲೂ ನನಗೆ ನಗು ಬರಲಿಲ್ಲ.

ಇರಲಿ. ಭಾವ ಹೊರಡಲು ಎರಡು ಮೂರು ದಿನ ಇದೆ ಅನ್ನುವಾಗ ಸ್ಕೂಟರು ಸಿದ್ಧವಾಯಿತು. ಖರ್ಚು ಕೊಟ್ಟವರು ಅಪ್ಪನೇ. ಅದನ್ನು ತರಲು ಮಾವ ಅಳಿಯ ಬಸ್ಸಿನಲ್ಲಿ ಹೋಗಿದ್ದರು. ನಾನು ಕಾಲೇಜು ಬಿಟ್ಟು ಬಸ್ಸಿಗೆ ಕಾಯುತ್ತಿದ್ದೆ. ಬಸ್ ಸ್ಟಾಪು ಇದ್ದುದು ಅದೇ ಬಂಕಿನ ಎದುರಿಗೆ. ಮೆಕ್ಯಾನಿಕ್ ಅಂಗಡಿ ಕಡೆಯಿಂದ ಇಬ್ಬರೂ ಬರುವುದು ಕಂಡಿತು. ಭಾವ ಓಡಿಸುತ್ತಿದ್ದರು. ಅಪ್ಪ ಹಿಂದೆ, ಪಟ್ಟಿ ಹಾಕಿದ ಕೈಯನ್ನು ಎದೆಗಾನಿಸಿಕೊಂಡು ಕೂತಿದ್ದರು. ಮೆಕ್ಯಾನಿಕ್ ಟ್ಯಾಂಕು ಖಾಲಿ ಮಾಡಿ ಒಂದು ಗುಟುಕು ಮಾತ್ರ ಹಾಕಿಕೊಟ್ಟಿದ್ದನಂತೆ, ಬಂಕಿಗೆ ತಿರುಗಿಸಿದರು.

ನಾನು ನೋಡುತ್ತಲೇ ಇದ್ದೆ. ಭಾವ ಇಳಿದರು. ಸೀಟು ಎತ್ತಿದರು. ಮೀಟರಿನ ಸೊನ್ನೆ ನೋಡಿದರು. “ಎರಡೇ ಲೀಟರ್” ಅಂದಿರಬೇಕು, ಬೆರಳು ತೋರಿಸಿದ್ದು ಕಂಡಿತು. ಆಮೇಲೆ ಆಯಿಲ್ ಲೋಟವನ್ನು ಬಂಕಿನವನ ಕೈಯಿಂದ ತಾವೇ ಇಸಿದುಕೊಂಡರು. ಅಪ್ಪ ಆಗ ಹಳೆಯ ಪರಿಚಯದ ಲಾರಿಯವರೊಬ್ಬರು ಸಿಕ್ಕಿ ಆ ಕಡೆ ಮಾತಿಗೆ ನಿಂತಿದ್ದರು. ಭಾವ ಒಂದು ಅಳತೆ ಹಾಕಿದರು. ತಡೆದು ಇನ್ನೊಂದು ಹಾಕಿದರು. ಬಂಕಿನವನು ಕೈ ಅಡ್ಡ ಹಿಡಿದ. ಭಾವ ಅವನ ಕೈ ಸರಿಸಿ ಮತ್ತೊಂದು ಸುರಿದರು. ಆ ಟ್ಯಾಂಕಿಗೆ ಇನ್ನು ಜನ್ಮದಲ್ಲಿ ಆಯಿಲ್ ಕಮ್ಮಿ ಬೀಳಬಾರದು ಅನ್ನುವ ಹಾಗೆ. ಕಿವಿ ಹಿಡಿದು ಚೆನ್ನಾಗಿ ಅಲುಗಿಸಿದರು. ಅಪ್ಪ ಬಂದು ಹಿಂದೆ ಕೂತರು. ಭಾವ ಒದ್ದರು.

ಅಂಥ ಹೊಗೆಯನ್ನು ನಾನು ಇಟ್ಟಿಗೆ ಗೂಡಿನಲ್ಲೂ ಕಂಡಿಲ್ಲ. ಗೇಟು ದಾಟುವುದರೊಳಗೆ ಸ್ಕೂಟರು ಕಾಣಿಸಲಿಲ್ಲ, ಮಾವನೂ ಇಲ್ಲ, ಅಳಿಯನೂ ಇಲ್ಲ. ಬೆಳ್ಳಗೆ ದಟ್ಟವಾದ ಒಂದು ಮೋಡ ರಸ್ತೆಗೆ ಬಂದು ನಿಂತಿತು. ಬಸ್ಸಿನವನು ಬ್ರೇಕ್ ಹಾಕಿದ. ಹೂವಿನ ಬುಟ್ಟಿಯ ಹೆಂಗಸು ಕೆಮ್ಮತೊಡಗಿದಳು. ಆ ಮೋಡದ ಹೊಟ್ಟೆಯೊಳಗಿಂದ ಅಪ್ಪನ ದನಿ ಬಂತು. ಅಪ್ಪನಿಗೆ ಅಷ್ಟು ದೊಡ್ಡ ದನಿ ಇದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

“ನಿಲ್ಸೋ! ನಿಲ್ಸೋ ಅಂದ್ರೆ! ಏನು ಸುರಿದ್ಯೋ ಇದಕ್ಕೆ, ಗಾಣನೇ ಮಗುಚಿಬಿಟ್ಯಾ? ಅವತ್ತು ಒಂದು ತೊಟ್ಟು ಹಾಕ್ಲಿಲ್ಲ, ಇವತ್ತು ಅಭ್ಯಂಜನ ಮಾಡಿಸ್ತಿದ್ದೀಯಾ! ದೊಡ್ಡ ಡ್ರೈವರಂತೆ ಡ್ರೈವರ್ರು! ಗೊತ್ತಿಲ್ಲ ಅಂದ್ರೆ ಕೇಳೋಕೆ ಬಾಯಿ ಇರ್ಲಿಲ್ವಾ? ಕೈ ಮುರಿದು ಕೂರಿಸ್ದೆ, ಹಸುವಿನ ಹತ್ರ ಗೂಟದ ಹಂಗೆ ನಿಲ್ಲಿಸ್ದೆ, ಈಗ ಕಣ್ಣೂ ಕಳೀಬೇಕು ಅಂತ ಇದ್ದೀಯಾ? ಆ ಕರು ಸತ್ತಿದ್ದು ಸಾಲ್ದಾ?”

ಹೊಗೆ ತಿಳಿಯಾಯಿತು. ಅಪ್ಪ ಇಳಿದು ನಿಂತಿದ್ದರು, ಕಣ್ಣಲ್ಲಿ ನೀರು ಧಾರೆಧಾರೆ, ಹೊಗೆಯದೋ ಏನೋ. ಭಾವ ಹ್ಯಾಂಡಲ್ ಹಿಡಿದುಕೊಂಡು ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು. ನಾನು ರಸ್ತೆ ದಾಟಿ ಓಡಿದೆ. ಅಪ್ಪ ನನ್ನ ಮುಖ ನೋಡಿದರು, ಸುತ್ತಲ ಜನರ ಮುಖ ನೋಡಿದರು. ತಾವು ಏನಂದೆವು ಅಂತ ಆಗ ಅವರಿಗೆ ಹೊಳೆದಿರಬೇಕು. ದನಿ ಕುಸಿಯಿತು.

“ತಪ್ಪು ತಿಳೀಬೇಡಿ ಅಳಿಯಂದ್ರೇ. ಬಾಯಿ ತಪ್ಪಿ...”

“ಹಂಗನ್ಬೇಡಿ ಮಾವ,” ಅಂದರು ಭಾವ. “ವಾಪಸ್ ತಗೋಬೇಡಿ. ಇನ್ನೂ ಏನಾದ್ರೂ ಇದ್ರೆ ಅದನ್ನೂ ಹೇಳ್ಬಿಡಿ.”

ಅಪ್ಪ ಅವರನ್ನೇ ನೋಡಿದರು. ಆ ನೋಟ ನನಗೆ ಅರ್ಥವಾಗಲಿಲ್ಲ, ಭಾವನಿಗೆ ಆಯಿತು ಅಂತ ಕಾಣುತ್ತದೆ.

“ಇದೆ,” ಅಂದರು ಅಪ್ಪ ಕೊನೆಗೆ. “ಆ ಟ್ಯಾಂಕಲ್ಲಿ ಇರೋದನ್ನ ಬಗ್ಗಿಸಿ, ಮೊದಲಿಂದ ಬೆರೆಸು. ನಾನು ನಿಂತು ನೋಡ್ತೀನಿ.”

ಬಂಕಿನವನು ನಗು ತಡೆದುಕೊಂಡು ಡಬ್ಬ ತಂದ. ಮಾವ ಹೇಳುತ್ತಾ ಹೋದರು, ಅಳಿಯ ಮಾಡುತ್ತಾ ಹೋದರು. “ಇಷ್ಟಕ್ಕೆ ಇಷ್ಟು. ಕಣ್ಣು ಬಿಟ್ಟು ನೋಡು. ಹಾಂ. ಈಗ ಅಲುಗಿಸು.” ನಾನು ಮುಚ್ಚಳ ಹಿಡಿದುಕೊಂಡು ನಿಂತಿದ್ದೆ.

ಮನೆಯಲ್ಲಿ ಭಾವ ಚಪ್ಪಲಿ ಬಿಡುವ ಮೊದಲೇ ಅಕ್ಕನಿಗೆ ಸುದ್ದಿ ಕೊಟ್ಟರು. “ನಿಮ್ಮಪ್ಪ ನನ್ನ ಬೈದ್ರು ಕಣೇ! ಬಸ್ ಸ್ಟಾಪಲ್ಲಿ, ಎಲ್ಲರ ಮುಂದೆ!” ಅಮ್ಮ ಹಣೆ ಚಚ್ಚಿಕೊಂಡು ಅಪ್ಪನ ಮೇಲೆ ಹರಿಹಾಯ್ದಳು. ನಾಡಿದ್ದು ಊರು ಬಿಡುವ ಅಳಿಯನಿಗೆ ಹೀಗಾ ಮರ್ಯಾದೆ ಮಾಡೋದು ಅಂತ. ಅಪ್ಪ ಸುಮ್ಮನೆ ಕೈಕಾಲು ತೊಳೆದುಕೊಂಡು ಬಂದು, ಭಾವನ ಪಕ್ಕದಲ್ಲೇ ಚಾಪೆ ಮೇಲೆ ಕೂತರು, ಅವರು ಕೂರುವ ಮೊದಲೇ. ಭಾವ ಅವತ್ತು ಎರಡನೇ ಮುದ್ದೆ ಹಾಕಿಸಿಕೊಂಡರು.

ಊಟವಾದ ಮೇಲೆ ಅಪ್ಪ ಜಗಲಿಯಲ್ಲಿ ಎಲೆ ಅಡಿಕೆ ಮುಂದಿಟ್ಟುಕೊಂಡಿದ್ದರು. ಒಂದೇ ಕೈಲಿ ಸುಣ್ಣ ಸವರಲು ಬರುತ್ತಿರಲಿಲ್ಲ. ನಾನು ಪಕ್ಕಕ್ಕೆ ಹೋಗಿ ಸವರಿಕೊಟ್ಟೆ.

“ಅಪ್ಪಾ, ಹೊಟ್ಟೆ ತುಂಬಿಸಿ ಅಂತ ಭಾವನಿಗೆ ಹೇಳಿಕೊಟ್ಟಿದ್ದು ನಾನು. ನನ್ನನ್ನೂ ಬೈಯಪ್ಪ.”

ಅಪ್ಪ ಎಲೆ ಬಾಯಿಗಿಟ್ಟುಕೊಂಡರು. “ನಿನ್ನ ಬೈಯೋಕೆ ಬೇಕಾದಷ್ಟು ಟೈಮ್ ಐತೆ ಬಿಡು. ಅವನು ನಾಡಿದ್ದು ಹೊರಟುಹೋಗ್ತಾನೆ.”

ಪಟ್ಟಿ ಬಿಚ್ಚಿದ ಮೇಲೂ ಅವರ ಮಣಿಕಟ್ಟು ಪೂರ್ತಿ ತಿರುಗಲಿಲ್ಲ. ನಿಧಾನವಾಗಿ ಬಲಗೈಯನ್ನು ಒಳಗೆ ಹಾಕುವುದು ಕಲಿತರು, ಆ ವಯಸ್ಸಿನಲ್ಲಿ. ನನ್ನನ್ನು ಬೈಯುವ ಟೈಮು ಮಾತ್ರ ಅವರಿಗೆ ಸಿಗಲೇ ಇಲ್ಲ.